ತವರಿಗೆ ಹೊರಟ ದೇವರುಗಳು

"ಗುರುಗಳೇ, ದೊಡ್ಡವರಿಗೆ ನಾವು ಮಾಡಬಹುದಾದ ಸೇವೆಗಳಲ್ಲಿ ಯಾವುದು ಹೆಚ್ಚಿನದು?" ಎಂದು ಶಿಷ್ಯ ಅಡವಯ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ರಾಜರು ಹುಟ್ಟುವುದಕ್ಕೂ ಮೊದಲು ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ಆ ಊರಿನ ಪೂಜಾರಿಗೆ ಒಬ್ಬಳು ಸೊಸೆ. ಮೂಡಲ ಗುಡ್ಡದ ಆಚೆಯಿಂದ ಮದುವೆಯಾಗಿ ಬಂದವಳು. ಬಂದ ಮೇಲೆ ತವರಿನ ಮುಖ ಕಂಡಿರಲಿಲ್ಲ. ಕೊಡ ತುಂಬಿದ ಮೇಲೂ ಹೊಳೆಯಲ್ಲಿ ಗುಡ್ಡ ನೋಡುತ್ತ ನಿಂತುಬಿಡುತ್ತಿದ್ದಳು.

ಒಂದು ದಿನ ಆಕಾಶದಿಂದ ಬೆಂಕಿಯುಗುಳುತ್ತ ಒಂದು ಹಡಗು ಬಂದು ಹೊಲದಲ್ಲಿ ಬಿತ್ತು. ಅದರೊಳಗಿಂದ ಕೆಲವರು ಇಳಿದರು. ಎತ್ತರದ ಮೈ, ರೆಪ್ಪೆಯಿಲ್ಲದ ಕಣ್ಣು. ದೇವತೆಗಳು ರೆಪ್ಪೆ ಬಡಿಯುವುದಿಲ್ಲವೆಂದು ಕೇಳಿದ್ದ ಜನ ಅಡ್ಡಬಿದ್ದರು.

ಅವರು ಬೇರೊಂದು ಲೋಕದ ದಾರಿಹೋಕರು. ಹಡಗು ಕೆಟ್ಟಿತ್ತು. ಅದನ್ನು ನಡೆಸುವ ಲೋಹದ ಗುಂಡು ಕಳಚಿ ದೂರ ಬಿದ್ದಿತ್ತು. ಊರವರು ಅದನ್ನೇ ತಂದು ಗುಡಿಯಲ್ಲಿಟ್ಟು ಪೂಜಿಸಿದರು. ಬಂದವರು ಗುಡಿಯ ಬಾಗಿಲಲ್ಲಿ ನಿಂತು ಗುಂಡಿನತ್ತ ಕೈಚಾಚಿದರು. ಅಭಯ ಕೊಟ್ಟರೆಂದು ಜನ ಮತ್ತೆ ಅಡ್ಡಬಿದ್ದರು. ಆ ವರ್ಷ ಬೆಳೆ ಚೆನ್ನಾಗಿ ಬಂತು. ಗುಡಿಯ ಬಾಗಿಲಿಗೆ ಕಾವಲು ಬಿತ್ತು.

ಅಭಿಷೇಕದ ನೀರು ತರುವ ಕೆಲಸ ಸೊಸೆಯದು. ಬಂದವರಲ್ಲಿ ಒಬ್ಬಾತ ಸಂಜೆಯಾದರೆ ಹೊಳೆಯ ಬಳಿ ಒಂಟಿಯಾಗಿ ಕೂರುವುದನ್ನು ಅವಳು ನೋಡುತ್ತಿದ್ದಳು. ಅವನ ನೋಟ ಯಾವಾಗಲೂ ಆಕಾಶದ ಒಂದೇ ಮೂಲೆಯಲ್ಲಿ. ಅಂಥ ನೋಟ ಅವಳಿಗೆ ಹೊಸದಲ್ಲ.

ಒಂದು ಸಂಜೆ ಅವಳು ಕೊಡ ಇಳಿಸಿ ಹತ್ತಿರ ಕುಳಿತಳು. ಗುಡ್ಡದ ಕಡೆ ಬೆರಳು ಮಾಡಿ ಎದೆಯ ಮೇಲೆ ಕೈಯಿಟ್ಟಳು. ಅವನು ಗುಡ್ಡ ನೋಡಿದ, ಅವಳನ್ನು ನೋಡಿದ. ಆಗತಾನೇ ಮೂಡಿದ ಸಣ್ಣ ಚುಕ್ಕಿಯೊಂದನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡ. ಆಮೇಲೆ ಗುಡಿ ತೋರಿಸಿದ, ಹಡಗು ತೋರಿಸಿದ.

"ಅಯ್ಯೋ, ನಿನಗೂ ತವರು ದೂರವೇ?" ಎಂದಳು. ಮಾತು ತಿಳಿಯದಿದ್ದರೂ ಅವನು ತಲೆ ತಗ್ಗಿಸಿದ.

ಮರುದಿನ ಬೆಳಗಿನ ಪೂಜೆಯಾದ ಮೇಲೆ ಅವಳು ಗುಂಡನ್ನು ಬರಿದಾದ ಕೊಡದೊಳಗಿಟ್ಟು, ಸೆರಗು ಮುಚ್ಚಿ, ಕಾವಲಿನವರ ಮುಂದೆಯೇ ಹೊತ್ತುಕೊಂಡು ಹೋದಳು. ಹೊತ್ತು ನೆತ್ತಿಗೇರುವ ಮೊದಲೇ ಹಡಗು ಮೇಲೆದ್ದಿತು. ಅದು ಕಣ್ಮರೆಯಾಗುವವರೆಗೂ ಅವಳು ಹೊಲದಲ್ಲಿ ನಿಂತಿದ್ದಳು.

ಪೂಜಾರಿ ಓಡಿ ಬಂದ. "ದೇವರನ್ನೇ ಊರು ಬಿಡಿಸಿದೆಯಲ್ಲೇ ತಾಯಿ!" ಎಂದು ನೆಲಕ್ಕೆ ಕುಸಿದ.

"ಮಾವಾ, ಅವರು ದೇವರಾಗಿದ್ದರೆ ಮನೆಗೆ ಹೋಗುವುದಕ್ಕೆ ನನ್ನ ಕೈ ಬೇಕಾಗುತ್ತಿತ್ತೇ?" ಎಂದಳು ಸೊಸೆ.

ಊರು ಸೇರಿ ಅವಳನ್ನು ಹೊರಗೆ ಹಾಕಿತು. ಗಂಡನೂ ತಡೆಯಲಿಲ್ಲ. ಪೂಜಾರಿಯೊಬ್ಬನೇ ಎಲ್ಲೆಯವರೆಗೆ ಜೊತೆಗೆ ನಡೆದ. ಬುತ್ತಿಯ ಗಂಟನ್ನು ಅವಳ ಕೈಗಿಟ್ಟು, "ಅವರು ಮತ್ತೆ ಬರುತ್ತಾರೆಯೇ?" ಎಂದು ಮೆಲ್ಲಗೆ ಕೇಳಿದ. ಅವಳು ಮಾವನ ಪಾದ ಮುಟ್ಟಿ ಗುಡ್ಡದ ದಾರಿ ಹಿಡಿದಳು. ದೂರ ಹೋಗಿ ತಿರುಗಿ ನೋಡಿದಾಗ ಮುದುಕ ಅಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಆಕಾಶ ನೋಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನಿಗೆ ತಡೆಯಲಾಗಲಿಲ್ಲ. "ಅಷ್ಟು ಭಕ್ತಿಯಿಂದ ಪೂಜಿಸಿದ ಊರಿನಲ್ಲಿ ಬೇರೆ ಯಾರಿಗೂ ಅವರ ನೋವು ಕಾಣಲಿಲ್ಲವೇ ಗುರುಗಳೇ?"

"ಇಷ್ಟು ವರ್ಷ ನನ್ನ ಪಾದ ತೊಳೆದೆಯಲ್ಲ ಅಡವಯ್ಯ, ನನ್ನ ಊರು ಯಾವುದೆಂದು ಒಮ್ಮೆಯಾದರೂ ಕೇಳಿದೆಯಾ?"