ಮಾಸ್ತರ ಅರ್ಧ ಮೀಸೆ

"ನಿಮ್ಮ ಜನಕ್ಕೆ ಹೊತ್ತು ಅಂದರೇನು ಅಂತಲೇ ಗೊತ್ತಿಲ್ಲ ಪ್ರಭು! ಎಲ್ಲಕ್ಕೂ ಒಂದೇ 'ಬೇಗ'. ಇಂಗ್ಲಿಷಿನಲ್ಲಿ ಸೂನ್ ಬೇರೆ, ಶಾರ್ಟ್ಲಿ ಬೇರೆ, ಪ್ರೆಸೆಂಟ್ಲಿ ಬೇರೆ, ಇಮ್ಮಿಡಿಯಟ್ಲಿ ಬೇರೆ. ಇವುಗಳ ವ್ಯತ್ಯಾಸ ಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ."

ಮದ್ರಾಸಿನಿಂದ ಬಂದ ಪಾರ್ಥಸಾರಥಿ ಮಾಸ್ತರು ಹೀಗೆ ಜಂಬ ಕೊಚ್ಚಿದ್ದು ಚಿಗರಿಗಿರಿ ಸಂಸ್ಥಾನದ ಅಪ್ಪಾಜಿರಾಯರ ಮುಂದೆ. ರಾಯರಿಗೋ ಇಂಗ್ಲಿಷಿನ ಹುಚ್ಚು ನೆತ್ತಿಗೇರಿತ್ತು. ಅಂದೇ ಅಪ್ಪಣೆಯಾಯಿತು: ಅರಮನೆಯೊಳಗೆ ಯಾರೂ ಬೇಗ, ಈಗ, ಆಮೇಲೆ ಅನ್ನಕೂಡದು. ಮಾಸ್ತರು ಅರ್ಥ ಬಿಡಿಸಿ ಹೇಳಿಕೊಟ್ಟ ಆ ನಾಲ್ಕು ಮಾತನ್ನೇ ಆಡಬೇಕು. ತಪ್ಪಿದವರಿಗೆ ಗಡೀಪಾರು.

ಅಲ್ಲಿಂದ ನೋಡಿ ಮಜಾ. ಅಡಿಗೆ ಭಟ್ಟರು ಸಾರು ಪ್ರೆಸೆಂಟ್ಲಿ ಬರುತ್ತದೆ ಅಂದು ಊಟ ಮುಗಿದ ಮೇಲೆ ತಂದರು. ಮಾವುತ ಇಮ್ಮಿಡಿಯಟ್ಲಿ ಅಂತ ಆನೆಯನ್ನು ನಡುಮನೆಗೇ ನುಗ್ಗಿಸಿದ. ಪಾಪ, ಸಿಕ್ಕಿಬಿದ್ದವನು ಮಾತ್ರ ಕ್ಷೌರದ ಕೆಂಚಯ್ಯ. ರಾಯರು "ಸೂನ್ ಬಾ" ಅಂದದ್ದೇ ತಡ, ಬೋಳಿಸುವ ಕತ್ತಿ ಹಿಡಿದುಕೊಂಡು ಓಡಿಬಂದ, ಅದೂ ರಾಯರ ಬಚ್ಚಲಿಗೆ!

"ಸೂನ್ ಅಂದರೆ ಇಮ್ಮಿಡಿಯಟ್ಲಿ ಬಂದಿದ್ದಾನೆ! ಮಹಾಪರಾಧ!" ಅಂತ ಮಾಸ್ತರು ಕುಣಿದಾಡಿದರು. ನಾಳೆಯ ದರ್ಬಾರು ಮುಗಿಯುತ್ತಲೇ ಊರು ಬಿಡು ಅಂತ ರಾಯರು ಅಂದುಬಿಟ್ಟರು.

ಕೆಂಚಯ್ಯ ನೇರ ಆಸ್ಥಾನಿಕ ಚೆಲುವಯ್ಯನ ಮನೆಗೆ ಹೋಗಿ ಗೊಳೋ ಅಂದ. "ಬುದ್ಧೀ, ತಾತನ ಕಾಲದಿಂದ ಈ ಊರಿನ ಗಡ್ಡ ಕೆರೆದಿದ್ದೀವಿ. ಹೆಂಡ್ತಿ ಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿ?"

ಚೆಲುವಯ್ಯ ಅವನ ಬೆನ್ನು ತಟ್ಟಿದ. "ಅಳಬೇಡವೋ ಮಾರಾಯ. ನಾಳೆ ಬೆಳಿಗ್ಗೆ ಯಾರ ಕ್ಷೌರ ಇದೆ?"

"ಮಾಸ್ತರದ್ದೇ. ಬಿಳಿ ದೊರೆಗಳ ಥರ ಮೀಸೆ ತೆಗೆಸಿ ದರ್ಬಾರಿಗೆ ಬರ್ತಾರಂತೆ."

"ಭೇಷ್! ಅರ್ಧ ತೆಗೆದು ಕತ್ತಿ ಕೆಳಗಿಡು. ನಾನೂ ಬಂದು ಕೂತಿರ್ತೀನಿ."

ಮರುದಿನ ಅರಮನೆಯ ಜಗಲಿಯಲ್ಲಿ ಮಾಸ್ತರ ಎಡಮೀಸೆ ನುಣ್ಣಗೆ ಹೋಯಿತು. ಕೆಂಚಯ್ಯ ಕತ್ತಿ ಒರೆಸಿ ಕೆಳಗಿಟ್ಟು ಕೈಕಟ್ಟಿ ಕೂತ.

"ಯಾಕೋ ನಿಲ್ಲಿಸಿದೆ? ಶಾರ್ಟ್ಲಿ ಮುಗಿಸು!"

"ಅಪ್ಪಣೆ ಸ್ವಾಮಿ. ಶಾರ್ಟ್ಲಿ ಅಂದ್ರೆ ಸ್ವಲ್ಪ ಹೊತ್ತು ಬಿಟ್ಟು ಅಂತ ತಾವೇ ಅಂದಿದ್ರಲ್ಲ" ಎಂದು ಕೆಂಚಯ್ಯ ಎಲೆಅಡಿಕೆ ಚೀಲ ಬಿಚ್ಚಿದ.

"ಅಯ್ಯೋ ಶನಿಯೇ, ಇಮ್ಮಿಡಿಯಟ್ಲಿ!"

"ಇಮ್ಮಿಡಿಯಟ್ಲಿ ಕತ್ತಿ ಎತ್ತಿದ್ದಕ್ಕೇ ಗಡೀಪಾರಾಗಿದೆ ಸ್ವಾಮಿ. ಇನ್ನೊಂದು ಸಲ ಆ ತಪ್ಪು ಮಾಡ್ತೀನಾ?"

ಅಷ್ಟರಲ್ಲಿ ದರ್ಬಾರಿನ ಕಹಳೆ ಮೊಳಗಿತು. ಮಾಸ್ತರು ಕೆಂಚಯ್ಯನ ಕೈಗೆ ಕತ್ತಿ ತುರುಕಿದರು. "ಸೂನ್! ಪ್ರೆಸೆಂಟ್ಲಿ! ಶಾರ್ಟ್ಲಿ!" ಅಂತ ಒಂದೇ ಉಸಿರಿಗೆ ಅರಚಿಕೊಂಡರು.

"ಯಾವುದಾದರೂ ಒಂದು ಹೇಳಿ ಸ್ವಾಮಿ, ಪಾಪ ಅವನಿಗೆ ಗೊಂದಲ ಆಗ್ತದೆ" ಅಂದ ಪಕ್ಕದಲ್ಲೇ ಕೂತಿದ್ದ ಚೆಲುವಯ್ಯ.

"ಯಾವುದಾದರೆ ಏನ್ರೀ? ತೆಗೆದರೆ ಸಾಕು!"

ತೆಗೆಯುವುದೆಲ್ಲಿ ಬಂತು, ಹರಿಕಾರರು ಬಂದು ಮಾಸ್ತರನ್ನು ಹಾಗೇ ಕರೆದೊಯ್ದರು. ಅರ್ಧ ಮೀಸೆ ಕಂಡು ದರ್ಬಾರಿಗೆ ದರ್ಬಾರೇ ಬಿದ್ದು ಬಿದ್ದು ನಕ್ಕಿತು. ರಾಯರ ಪೇಟ ಜಾರಿ ಮಡಿಲಿಗೆ ಬಿತ್ತು.

"ಇದೇನು ಅವತಾರ ಮಾಸ್ತರೇ?"

"ಈ ಕೆಂಚಯ್ಯನ ಕಿತಾಪತಿ ಪ್ರಭು! ಸೂನ್ ಅಂದೆ, ಶಾರ್ಟ್ಲಿ ಅಂದೆ, ಇಮ್ಮಿಡಿಯಟ್ಲಿ ಅಂದೆ, ಪ್ರೆಸೆಂಟ್ಲಿ ಅಂದೆ. ಏನಂದರೂ ತೆಗೆಯಲಿಲ್ಲ!"

"ಒಂದೇ ಕೆಲಸಕ್ಕೆ ನಾಲ್ಕೂ ಮಾತೇ? ಅವು ಬೇರೆ ಬೇರೆ ಅಂದಿರಲ್ಲ?" ರಾಯರು ಹುಬ್ಬು ಗಂಟಿಕ್ಕಿದರು.

ಮಾಸ್ತರು ಅಂಗೈಯಿಂದ ಅರ್ಧ ಮೀಸೆ ಮರೆಮಾಡಿಕೊಂಡರು. ಚೆಲುವಯ್ಯ ಎದ್ದು ಕೈಮುಗಿದ. "ಮಾಸ್ತರು ಸುಳ್ಳು ಹೇಳಿಲ್ಲ ಪ್ರಭು. ಆ ನಾಲ್ಕು ಮಾತಿಗೂ ವ್ಯತ್ಯಾಸ ಇದೆ. ಆದರೆ ಅದು ಕಾಣಿಸೋದು ಪೂರ್ತಿ ಮೀಸೆ ಇದ್ದವರಿಗೆ ಮಾತ್ರ!"

ರಾಯರು ನಗುತ್ತ ನಗುತ್ತಲೇ ತಮ್ಮ ಮೀಸೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. ಆ ಕ್ಷಣವೇ ಅಪ್ಪಣೆ ರದ್ದಾಯಿತು, ಗಡೀಪಾರೂ ರದ್ದಾಯಿತು. ಚೆಲುವಯ್ಯನ ಹೆಗಲಿಗೆ ಶಾಲು ಬಿತ್ತು.