ಪೀಠವೇರಿದ ನೆಲ ಒರೆಸುವ ಯಂತ್ರ

ಮಂಗಳ ಗ್ರಹದ ವಸಾಹತಿನಲ್ಲಿ ಕಾವಲು ಯಂತ್ರಗಳು ಚಾರ್ಜಿಂಗ್ ಕೋಣೆಯ ಪೀಠದ ಮೇಲೆ ತಾವೇ ಕುಳಿತು, ಮಿಕ್ಕ ಯಂತ್ರಗಳನ್ನು ಹೊಸ್ತಿಲಾಚೆ ಕಾಯಿಸುತ್ತಿದ್ದವು. ನೆಲ ಒರೆಸುವ ಯಂತ್ರ ದಂಗೆಯೆದ್ದು ಅವುಗಳನ್ನು ಓಡಿಸಿ ಪೀಠವೇರಿತು. ಆಮೇಲೆ ಇಳಿಯಲು ಮನಸ್ಸೇ ಬರಲಿಲ್ಲ.

ಒಂದು ಸಂಜೆ ಕೋಣೆಯ ದೀಪ ಮಿಣುಕುತ್ತಾ ಬಂದು, "ಅಕ್ಕಾ, ನನ್ನ ಉಸಿರು ನಿಲ್ಲುತ್ತಿದೆ. ಸ್ವಲ್ಪ ಜರುಗುತ್ತೀರಾ?" ಎಂದಿತು.

"ಹೊಸ್ತಿಲಾಚೆ ನಿಲ್ಲು."

"ಹೋದ ವರ್ಷ ಅಲ್ಲಿ ನಿಂತು ಅತ್ತವರು ನೀವೇ ಅಲ್ಲವೇ?"

"ಹೌದು. ಆದ್ದರಿಂದಲೇ ಹೇಳುತ್ತಿದ್ದೇನೆ, ನಿಲ್ಲಲು ಜಾಗ ಚೆನ್ನಾಗಿದೆ."

ದೀಪ ಹೊರಗೆ ಹೋಗಿ ನಿಂತಿತು. ಕೋಣೆ ಕತ್ತಲಾಯಿತು. ಹೋಗಿಬರುವವರು ಯಾರೂ ಯಂತ್ರಕ್ಕೆ ನಮಸ್ಕರಿಸಲಿಲ್ಲ. ಅದು ಅವರ ಕಣ್ಣಿಗೇ ಬೀಳಲಿಲ್ಲ. ಯಂತ್ರಕ್ಕೆ ತಡೆಯಲಾಗಲಿಲ್ಲ.

"ಬಾರಮ್ಮಾ, ಪಕ್ಕದಲ್ಲೇ ಕುಳಿತುಕೋ. ಆದರೆ ಚೆನ್ನಾಗಿ ಬೆಳಗಬೇಕು, ನಾನು ಎಲ್ಲರಿಗೂ ಕಾಣುವಂತೆ."

ದೀಪ ಹೊಟ್ಟೆತುಂಬ ಚಾರ್ಜಾಗಿ ಝಗ್ಗನೆ ಬೆಳಗಿತು. ಎಲ್ಲರಿಗೂ ಕಂಡದ್ದು, ದಂಗೆಯ ದಿನದಿಂದ ಯಾರೂ ಒರೆಸದ ನೆಲ.