ಹೇಳಿ ಕಳಿಸ್ತೀವಿ

ಕೇರಿಯ ಮುದಿ ಹುಂಜದ ದನಿ ಉಡುಗಿತು. ಯಜಮಾನಿ ಹೇಂಟೆ ಹೊಸ ಹುಂಜಗಳನ್ನು ಕರೆಸಿ ಕೂಗಿಸಿ ನೋಡಿತು. ದೂರದಿಂದ ಬಂದ ಕೆಂಪು ಹುಂಜಕ್ಕೆ, "ಚೆನ್ನಾಗಿ ಕೂಗಿದೆ, ಹೇಳಿ ಕಳಿಸ್ತೀವಿ" ಎಂದಿತು.

ಕೆಂಪು ಹುಂಜ ತನ್ನ ತಿಪ್ಪೆಗೆ ಮರಳಿ ಕಾಯತೊಡಗಿತು. ಹೊಳೆಯಾಚೆಯ ಕೋಳಿಗಳು ತಮ್ಮಲ್ಲಿ ಕೂಗಲು ಕರೆದಾಗ, "ಅವರು ಮಾತು ಕೊಟ್ಟಿದ್ದಾರೆ" ಎಂದು ಹೋಗಲಿಲ್ಲ. ಮಳೆಗಾಲವೇ ಮುಗಿಯಿತು.

ಕಾಳು ಹುಡುಕುತ್ತ ಅತ್ತ ಬಂದ ಹೇಂಟೆ ಬೆರಗಾಯಿತು. "ಇನ್ನೂ ಕಾಯ್ತಿದ್ದೀಯಾ? ಅವತ್ತೇ ಬಿಳಿ ಹುಂಜವನ್ನು ಇಟ್ಟುಕೊಂಡೆವಲ್ಲ!"

"ನನಗ್ಯಾಕೆ ಹೇಳಲಿಲ್ಲ, ಅಮ್ಮಾ?"

"ನೊಂದುಕೊಳ್ತೀಯ ಅಂತ."

"ನೊಂದಿದ್ದರೆ ಮರುದಿನವೇ ಎದ್ದು ಹೊಳೆಯಾಚೆ ಕೂಗ್ತಿದ್ದೆ."

ಹೇಂಟೆ ತಲೆ ತಗ್ಗಿಸಿತು. ತಾನೇ ಅದನ್ನು ಹೊಳೆ ದಾಟಿಸಿ, ಅಲ್ಲಿನ ಕೋಳಿಗಳಿಗೆ, "ಇವನನ್ನು ಕಾಯಿಸಿದ ತಪ್ಪು ನಮ್ಮದು" ಎಂದಿತು. ಮರುದಿನ ಹೊಳೆಯಾಚೆ ಬೆಳಗಾದದ್ದು ಕೆಂಪು ಹುಂಜದ ಕೂಗಿಗೆ.

ಮುಂದೆ ಕೇರಿಗೆ ಮತ್ತೊಂದು ಹುಂಜ ಬೇಕಾದಾಗ, ಹೇಂಟೆ ಮೊದಲು ಹೇಳಿ ಕಳಿಸಿದ್ದು ತಾನು ಆರಿಸದವರಿಗೆ.